ದ್ರಾವಿಡಿ ಕರೆಗಂಟೆ
ಜಲನಗರದ ಗೈಬುಸಾಬರು ಯಾವ ಕೆಲಸವನ್ನೂ ನೇರವಾಗಿ ಮಾಡಿದವರಲ್ಲ. ಮಲ್ಲಿಗೆ ಬಳ್ಳಿಗೆ ತಂಬಿಗೆ ನೀರು ಹಾಕಲೂ ಅವರಿಗೆ ಹಳೆಯ ಸೈಕಲ್ ಚಕ್ರ, ಹೊನವಾಡದ ದ್ರಾಕ್ಷಿ ತೋಟದಿಂದ ತಂದ ತಂತಿ, ಒಂದು ಮುರುಕು ಛತ್ರಿ ಬೇಕು. "ಎಲ್ಲಾ ದ್ರಾವಿಡಿ ಕೆಲಸ ನೋಡ್ರಿ" ಎಂದು ಎದುರುಮನೆಯ ಬಸಲಿಂಗಯ್ಯ ನಕ್ಕಾಗ, ಹೊಸದಾಗಿ ಬಾಡಿಗೆಗೆ ಬಂದಿದ್ದ ಶೈಲಾ ಆ ಮಾತನ್ನು ಮೊದಲ ಸಲ ಕೇಳಿದಳು. "ಮೂಗು ಹಿಡಿಯಾಕ ತಲಿ ಸುತ್ತ ಕೈ ತಂದ್ರ ಅದಕ್ಕ ಹಂಗಂತಾರ" ಎಂದು ಅವರೇ ಬಿಡಿಸಿ ಹೇಳಿದರು. ಮರುದಿನ ಅವಳು ಹೆಪ್ಪಿಗೆಂದು ಗೈಬುಸಾಬರ ಮನೆಗೆ ಹೋಗಿ ಕರೆಗಂಟೆಯ ಬದಲು ಬಾಗಿಲಲ್ಲಿ ತೂಗುತ್ತಿದ್ದ ಹಗ್ಗ ಎಳೆದಳು. ಕೊಳವೆಯೊಳಗೆ ಗೋಲಿ ಉರುಳಿತು, ತಕ್ಕಡಿ ವಾಲಿತು, ರಾಟೆ ತಿರುಗಿತು, ಕಡೆಗೆ ಅಡುಗೆಮನೆಯಲ್ಲಿ ಅವರ ಹೆಂಡತಿ ಪೀರಾಂಬಿಯ ಕಣ್ಣೆದುರು ತಗಡಿನ ಹುಂಜವೊಂದು ಕುಣಿಯಿತು. ಜ್ವರದಲ್ಲಿ ಕಿವಿ ಹೋದಂದಿನಿಂದ ಆಕೆ ಮಂಕಾಗಿದ್ದಳೆಂದು ಓಣಿಯವರು ಹೇಳಿದ್ದರು. "ಒಂದು ಲೈಟ್ ಹಾಕಿದ್ರ ಸಾಕಾಗ್ತಿತ್ತಲ್ರಿ?" ಎಂದು ಶೈಲಾ ಕೇಳಿದಳು. ಕಟ್ಟೆಯ ಮೇಲೆ ಕೂತಿದ್ದ ಗೈಬುಸಾಬರು ಮೆಲ್ಲಗೆ ಹೇಳಿದರು, "ಸಾಕಾಗ್ತಿತ್ತವ್ವಾ. ಆದ್ರ ಲೈಟ್ ನೋಡಿ ಆಕಿ ನಗೂದಿಲ್ಲ." ಪೀರಾಂಬಿ ಬಾಯಿಗೆ ಸೆರಗೊತ್ತಿ ನಗುತ್ತಲೇ ಬಾಗಿಲಿಗೆ ಬಂದಳು. ಶೈಲಾ ಹೆಪ್ಪು ಕೇಳುವುದನ್ನೇ ಮರೆತು ಆ ನಗುವನ್ನು ನೋಡುತ್ತ ನಿಂತಳು.