ಮಾಲಾ ತೋರಿಸಿದ ಮಡಿಕೇರಿ

ಸುಂಟಿಕೊಪ್ಪ ದಾಟಿದ ಮೇಲೆ ರಸ್ತೆ ಏರತೊಡಗಿತು. ಅಮರ್‌ಗೆ ಅದು ಮೊದಲು ತಿಳಿದದ್ದು ತೊಡೆಗಳಲ್ಲಿ. ಆಮೇಲೆ, ಮುಂದಿನ ಸೀಟಿನಲ್ಲಿದ್ದ ಭಾವಮೈದುನ ಮಂಟಯ್ಯನ ಉಸಿರಿನಲ್ಲಿ.

"ಏರು ಬಂದ್ರೆ ಮೊದ್ಲೇ ಹೇಳ್ಬೇಕು ಕಣೋ."

"ಹೇಳಕ್ಕೆ ಉಸ್ರು ಎಲ್ಲದೆ ಭಾವ? ಗಾರೆ ತುಳ್ದಿರೋ ಕಾಲು ಇದು, ಪೆಡಲ್ ತುಳ್ದಿರೋದಲ್ಲ ಬುಡಿ."

ಅದು ಇಬ್ಬರು ತುಳಿಯುವ ಸೈಕಲ್ಲು. ಚಿಕ್ಕಂದಿನಲ್ಲೇ ಜ್ವರಕ್ಕೆ ಕಣ್ಣು ಕಳೆದುಕೊಂಡ ಅಮರ್‌ನದು ಹಿಂದಿನ ಸೀಟು. ಹ್ಯಾಂಡಲ್ ಹಿಡಿಯುವ ಸೀಟು ಅವನ ಹೆಂಡತಿ ಮಾಲಾಳದು. ಬೋಗಾದಿಯ ಮನೆಯಿಂದ ಅವನು ಫೋನ್ ಆಪರೇಟರ್ ಆಗಿದ್ದ ಕುವೆಂಪುನಗರದ ಆಫೀಸಿಗೆ ಅವಳು ಕರೆದೊಯ್ಯುತ್ತಿದ್ದದ್ದು ಇದರಲ್ಲೇ. ದಾರಿಯುದ್ದಕ್ಕೂ ಹೇಳುತ್ತಿದ್ದಳು: ಎಮ್ಮೆ ಅಡ್ಡ ಬಂತು, ಯಾರೋ ಹಳದಿ ಸೀರೆ ಒಣಗಾಕವ್ರೆ, ನಿಮ್ಮ ಮ್ಯಾನೇಜರ್ರು ಸ್ಕೂಟರ್ ತಳ್ತಾ ಅವ್ರೆ, ನಗ್ಬೇಡಿ. ಅವಳ ಬೆನ್ನ ಹಿಂದೆ ಕೂತೇ ಅವನು ಮೈಸೂರನ್ನು ನೋಡಿದ್ದ. ಏರು ಬಂದರೆ ಅವಳದು ಒಂದೇ ಮಾತು: "ಇನ್ನೊಂದೇ ತಿರುವು ಕಣ್ರೀ." ಆ ಒಂದು ಎಂದೂ ಒಂದಾಗಿರುತ್ತಿರಲಿಲ್ಲ.

ಕಳೆದ ವರ್ಷ ರಜೆ ಹಾಕಿ ಇಬ್ಬರೂ ಮಡಿಕೇರಿಗೆ ಹೊರಟಿದ್ದರು. ಇಲವಾಲ, ಹುಣಸೂರು, ಪಿರಿಯಾಪಟ್ಟಣ, ರಾತ್ರಿ ಕುಶಾಲನಗರ, ಮರುದಿನ ಬೆಟ್ಟದ ದಾರಿ. ಅವನು ಹೆದರಿದ್ದಷ್ಟು ಏರು ಸಿಗಲೇ ಇಲ್ಲ.

"ಬಂದ್ಬುಟ್ವಿ," ಎಂದು ಮಾಲಾ ಸೈಕಲ್ ನಿಲ್ಲಿಸಿದ್ದಳು.

"ಇಷ್ಟು ಬೇಗನಾ?"

"ನಿಮ್ಮ ಕಾಲು ಗಟ್ಟಿ ಆಗದೆ."

ಅವನನ್ನು ಒಂದು ಮೋಟುಗೋಡೆಯ ಮೇಲೆ ಕೂರಿಸಿ ತೋರಿಸಿದ್ದಳು: ಬೆಟ್ಟ, ಅದರ ಹಿಂದೆ ಬೆಟ್ಟ, ಕೊನೆಯದು ನೀರುಮಜ್ಜಿಗೆ ಬಣ್ಣ. ಟೀ ಹೇಳಿ ಬರುತ್ತೇನೆಂದು ಒಳಗೆ ಹೋದವಳು ತಡಮಾಡಿದಾಗ, "ಒಂದು ಟೀಗೆ ಎಷ್ಟೊತ್ತೇ?" ಎಂದು ಅವನು ಕೂಗಿದ್ದ. ಊರಿಗೆ ಬಂದು ಆಫೀಸಿನಲ್ಲಿ ಸಿಕ್ಕಿದವರಿಗೆಲ್ಲ ಮಡಿಕೇರಿ ಹತ್ತಿದ ಕತೆ ಹೇಳಿದ್ದ. ಆ ಮಳೆಗಾಲ ಮುಗಿಯುವ ಮೊದಲೇ ಅವಳ ಹೃದಯ ನಿಂತಿತು.

ಈಗ ಅವಳ ತಮ್ಮನನ್ನು ಒಪ್ಪಿಸಿ ಹೊರಟಿದ್ದಾನೆ. ಬೇಕಾದದ್ದು ಇಷ್ಟೇ: ಆ ಗೋಡೆಯ ಮೇಲೆ ಇನ್ನೊಮ್ಮೆ ಕೂರುವುದು.

ಒಂದು ತಿರುವಿನಲ್ಲಿ ಮಂಟಯ್ಯ ಸೋತು ಇಳಿದ. "ಟೀ ಅಂಗ್ಡಿ ಅದೆ ಭಾವ. ಕುಡ್ದು ಹೋಗನ."

"ಅಯ್ಯೋ, ಎರಡು ಸೀಟಿನ ಸೈಕಲ್ಲು!" ಒಳಗಿನಿಂದ ಹೆಂಗಸಿನ ದನಿ ಬಂತು. "ಅಕ್ಕ ಎಲ್ಲಿ ಅಣ್ಣಾ? ಬರ್ಲಿಲ್ವಾ?"

ಶೀತ ಕಟ್ಟಿದಂತಿದ್ದ ಆ ದನಿ ಅವನಿಗೆ ಗೊತ್ತಿತ್ತು. ಅತಿಯಾಗಿ ಶುಂಠಿ ಹಾಕಿದ ಟೀಯ ಘಾಟೂ ಗೊತ್ತಿತ್ತು. ಕೈಚಾಚಿದ, ಗೋಡೆ ಸಿಕ್ಕಿತು. ಅದರ ಮೂಲೆಯ ಕಲ್ಲು ಅವತ್ತಿನಂತೆಯೇ ಅಲುಗಾಡಿತು.

"ಮಡಿಕೇರಿ ಬಂತಲ್ಲೋ ಮಂಟಯ್ಯ!"

"ಎಲ್ಲಿ ಬಂತು? ಅರ್ಧ ಬೆಟ್ಟ ಇನ್ನೂ ಅಂಗೇ ಬಿದ್ದದೆ."

ಅಮರ್ ಗೋಡೆಯ ಮೇಲೆ ಕೂತ. ಅಂಗಡಿಯವಳ ದನಿಯ ಕಡೆ ತಿರುಗಿ ಹೇಳಿದ: "ಅವಳು ಹೋಗ್ಬುಟ್ಲು ಕಣಮ್ಮ."

ಅಂಗಡಿಯ ಪ್ರೇಮಮ್ಮ ಲೋಟ ಕೆಳಗಿಟ್ಟ ಸದ್ದಾಯಿತು. "ಅವತ್ತು ಅಕ್ಕ ಒಳಗೆ ಬಂದು ಕುಸಿದು ಕೂತ್ಬುಟ್ರು. ತುಟಿಯೆಲ್ಲಾ ನೀಲಿ. ಆಸ್ಪತ್ರೆಗೆ ಹೋಗಿ ಅಂದೆ. 'ಡಾಕ್ಟ್ರು ಹೇಳವ್ರೆ ಕಣಮ್ಮ, ಗೊತ್ತು. ಇದು ಮಡಿಕೇರಿ ಅಲ್ಲ ಅಂತ ಮಾತ್ರ ಅವ್ರಿಗೆ ಅನ್ಬೇಡ' ಅಂದ್ರು. ಅಷ್ಟರಲ್ಲಿ ನೀವು ಕೂಗಿದ್ರಿ."

"ನಂಗೂ ಹೇಳ್ಲಿಲ್ಲ ಅಕ್ಕ," ಎಂದ ಮಂಟಯ್ಯ.

ಒಂದು ಬಸ್ಸು ಹಾರನ್ ಹೊಡೆದು ತಿರುವಿನಲ್ಲಿ ಹೋಯಿತು. ಆ ಸದ್ದು ಎದುರಿಗೇ, ಹತ್ತು ಮಾರು ಆಚೆ, ಏನಕ್ಕೋ ಬಡಿದು ವಾಪಸ್ಸು ಬಂತು. ಬಯಲಿದ್ದರೆ ಸದ್ದು ಹೀಗೆ ಬರುವುದಿಲ್ಲ. ಎದುರಿಗೆ ಕಡಿದ ಮಣ್ಣಿನ ದಿಬ್ಬ; ಅದರಾಚೆಯ ಬೆಟ್ಟ ಇಲ್ಲಿಂದ ಯಾರಿಗೂ ಕಾಣದು. ಅವತ್ತೂ ಬಸ್ಸುಗಳು ಹೋಗಿದ್ದವು; ಅವನು ಅವಳ ಮಾತನ್ನಷ್ಟೇ ಕೇಳಿದ್ದ.

ಮಂಟಯ್ಯ ಮೂಗು ಒರೆಸಿಕೊಂಡ. "ಏಳಿ ಭಾವ. ಎಂಗಾದ್ರೂ ಮಾಡಿ ಇವತ್ತು ಮಡಿಕೇರಿ ಮುಟ್ಟಿಸ್ತೀನಿ."

"ನಾನು ಮಡಿಕೇರಿ ನೋಡಿದೀನಿ ಕಣೋ." ಅಮರ್ ಪಕ್ಕದ ಕಲ್ಲನ್ನು ತಟ್ಟಿದ. "ಕೂತ್ಕೋ. ಎದ್ರುಗೆ ಏನು ಕಾಣ್ತದೆ ಹೇಳು."

ಮಂಟಯ್ಯ ಕೂತ ಭಾರಕ್ಕೆ ಕಲ್ಲು ಅಲುಗಾಡಿತು.

"ಬೆಟ್ಟ, ಭಾವ."

"ಅದರ ಹಿಂದೆ?"

"ಅದರ ಹಿಂದೆನೂ ಬೆಟ್ಟವೇಯ."

ಕೊನೆಯದರ ಬಣ್ಣ ಏನೆಂದು ಅಮರ್ ಕೇಳಲಿಲ್ಲ. ಟೀ ಕುಡಿದು ಮುಗಿಸಿ, ಸೈಕಲ್ಲನ್ನು ಮೈಸೂರಿನ ಕಡೆಗೆ ತಿರುಗಿಸಲು ಹೇಳಿದ.