ಸಾಬಮ್ಮ ಒತ್ತಿದ್ದು, ನನಗೆ ಬಂದದ್ದು

ಕೊರೊನಾ ಕಾಲ ಮುಗಿದು ಶಾಲೆಗಳು ಮತ್ತೆ ಪೂರ್ತಿ ತೆರೆದ ಮರುವರ್ಷ ನಡೆದ ಸಂಗತಿ ಇದು. ಆಗ ನಾನು ಶಹಾಪುರದ ಒಂದು ಸಣ್ಣ ಸೇವಾಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಶಾಲೆ ಬಿಟ್ಟ ಮಕ್ಕಳನ್ನು ಹುಡುಕಿ ಮತ್ತೆ ಶಾಲೆಗೆ ಸೇರಿಸುವುದು ನಮ್ಮ ಕೆಲಸ. ಆರು ಜನ ಹೆಣ್ಣುಮಕ್ಕಳು ಸುರಪುರ, ಹುಣಸಗಿ ಕಡೆಯ ಹಳ್ಳಿಗಳಿಗೆ ಹೋಗಿ, ಮನೆಮನೆ ವಿಚಾರಿಸಿ, ಹಾಳೆಯಲ್ಲಿ ಬರೆದುಕೊಂಡು ಬರುತ್ತಿದ್ದರು. ಆ ಹಾಳೆಗಳನ್ನು ನಾನು ಕಂಪ್ಯೂಟರಿಗೆ ಏರಿಸಬೇಕು. ಒಂದು ಹಾಳೆ ಮಳೆಯಲ್ಲಿ ನೆಂದಿರುತ್ತಿತ್ತು, ಇನ್ನೊಂದಕ್ಕೆ ಅರಿಸಿನ ಮೆತ್ತಿರುತ್ತಿತ್ತು, ಮತ್ತೊಂದು ಬಸ್ಸಿನಲ್ಲೇ ಉಳಿದುಹೋಗಿರುತ್ತಿತ್ತು. ನನಗೆ ದಿನಾ ಇದೇ ತಲೆನೋವು.

ಅದೇ ವರ್ಷ ನಾನು ಫೋನಿನಲ್ಲಿ ವಿಡಿಯೊ ನೋಡಿಕೊಂಡು ವೆಬ್ ಪುಟ ಮಾಡುವುದನ್ನು ಕಲಿತಿದ್ದೆ. ಜೆಕ್ವೆರಿ ಎಂಬುದೊಂದು ಇದೆ; ನಾಲ್ಕು ಸಾಲು ಬರೆದರೆ ಪುಟ ನಾವು ಹೇಳಿದ ಹಾಗೆ ಕೇಳುತ್ತದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನದೂ ಅದೇ ಕತೆ. ಹಾಳೆಯ ಬದಲು ಫೋನಿನಲ್ಲೇ ತುಂಬುವ ಒಂದು ಅರ್ಜಿ ಮಾಡಿಕೊಡುತ್ತೇನೆಂದು ನಮ್ಮ ಮುಖ್ಯಸ್ಥರಾದ ಸರ್ ಮುಂದೆ ಹೇಳಿಬಿಟ್ಟೆ. ಅವರಿಗೂ ಖುಷಿಯಾಯಿತು.

ಅರ್ಜಿ ಸಣ್ಣದು. ಮಗುವಿನ ಹೆಸರು, ಊರು, ತರಗತಿ ಇಷ್ಟನ್ನು ಟೈಪ್ ಮಾಡಬೇಕು. ಶಾಲೆ ಬಿಟ್ಟ ಕಾರಣಕ್ಕೆ ಮಾತ್ರ ಒಂದು ಪಟ್ಟಿ. ಬೆರಳಿಟ್ಟರೆ ಕೆಳಗೆ ಬಿಚ್ಚಿಕೊಳ್ಳುತ್ತದೆ. ಗುಳೆ, ಮದುವೆ, ಕೂಲಿ, ಕಾಯಿಲೆ, ಇತರೆ. ಅದರಲ್ಲಿ ಒಂದನ್ನು ಆರಿಸಬೇಕು. ನಮ್ಮ ಕಡೆ ಸುಗ್ಗಿ ಮುಗಿಯುತ್ತಿದ್ದಂತೆ ಎಷ್ಟೋ ಮನೆಯವರು ಮಕ್ಕಳನ್ನೂ ಕಟ್ಟಿಕೊಂಡು ದೂರದ ಊರುಗಳಿಗೆ ದುಡಿಯಲು ಗುಳೆ ಹೋಗುತ್ತಾರೆ. ಹೆಚ್ಚಿನವರು ಅದನ್ನೇ ಆರಿಸುತ್ತಾರಲ್ಲ, ಅವರ ಕೆಲಸ ಹಗುರಾಗಲಿ ಎಂದು 'ಗುಳೆ'ಯನ್ನು ಮೇಲಿಟ್ಟು, ಮೊದಲೇ ಆಯ್ಕೆಯಾಗಿರುವಂತೆ ಗುರುತು ಹಾಕಿಟ್ಟೆ.

ಆ ಪಟ್ಟಿಯಲ್ಲಿ 'ಮದುವೆ' ಎಂಬ ಸಾಲಿಗೆ ಬೇರೆಯೇ ತೂಕ ಇತ್ತು. ಗುಳೆ ಹೋದ ಮಕ್ಕಳಿಗೆ ನಾವು ಯುಗಾದಿಯವರೆಗೆ ಕಾಯುತ್ತಿದ್ದೆವು. ಹಬ್ಬಕ್ಕೆ ಊರಿಗೆ ಬಂದಾಗ ಹೋಗಿ ಮಾತಾಡಿಸುತ್ತಿದ್ದೆವು. ಮದುವೆ ನಿಶ್ಚಯವಾಗಿ ಹುಡುಗಿಯ ಶಾಲೆ ಬಿಡಿಸಿದ್ದಾರೆ ಎಂದು ಬಂದರೆ ಮಾತ್ರ ಕಾಯುವಂತಿಲ್ಲ. ಅದೇ ದಿನ ಸರ್ ಅಧಿಕಾರಿಗಳಿಗೆ ತಿಳಿಸಿ, ಅವರ ಜೊತೆ ಹೋಗಿ ನಿಲ್ಲಿಸುತ್ತಿದ್ದರು. ಸುದ್ದಿ ಕೊಟ್ಟವರು ಯಾರೆಂದು ಊರಿಗೆ ತಿಳಿಯಬಾರದು. ತಿಳಿದರೆ ನಮ್ಮ ಕಾರ್ಯಕರ್ತೆಗೆ ಮರುದಿನ ಆ ಊರಲ್ಲಿ ಕುಡಿಯಲು ನೀರೂ ಸಿಗುತ್ತಿರಲಿಲ್ಲ. ಹಾಗಾಗಿ ಹೊಸ ಅರ್ಜಿ ತೋರಿಸಿದ ದಿನ ನಾನು ಎಲ್ಲರಿಗೂ ಜಂಬದಿಂದ ಹೇಳಿದ್ದೆ, "ಇನ್ನ ಮ್ಯಾಲ ನೀವು ಬಾಯಿ ಬಿಡೂದು ಬ್ಯಾಡ, ಫೋನ್ ಮಾಡೂದೂ ಬ್ಯಾಡ. ಒತ್ತಿದ್ರ ಸಾಕು, ನನಗ ಬರ್ತದ."

ಆರು ಜನರಲ್ಲಿ ಹಿರಿಯರು ಖಾಜಾಬಿ. ಐವತ್ತು ದಾಟಿದ ಹೆಂಗಸು, ಮಾತು ಖಡಕ್. "ನಿನ್ನ ಮಷೀನಿಗೆ ನಮ್ ಮನಸ್ ತಿಳೀತದೇನ ಬೇಟಿ?" ಎಂದು ಕೇಳಿದ್ದರು. ಎಲ್ಲರೂ ನಕ್ಕೆವು.

ಅರ್ಜಿ ಚೆನ್ನಾಗಿಯೇ ನಡೆಯಿತು. ಹತ್ತಿ ಬಿಡಿಸುವ ಕಾಲ ಬರುವ ಹೊತ್ತಿಗೆ ನನ್ನ ಪರದೆಯ ಮೇಲೆ ಹೆಸರುಗಳ ಉದ್ದ ಪಟ್ಟಿ. ಒಂದರ ಮುಂದೆಯೂ ಕಾರಣದ ಖಾನೆ ಖಾಲಿ ಇರಲಿಲ್ಲ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗದ ಹಾಗೆ ನಾನೇ ಕಾವಲು ಬರೆದಿದ್ದೆ. ಎಲ್ಲದರ ಮುಂದೆಯೂ ಒಂದೇ ಮಾತು: ಗುಳೆ. ಸರ್ ನನ್ನ ಹಿಂದೆ ನಿಂತು ನೋಡಿ, "ಏನ್ ಮಾಡೂದ್ ಹೇಳು, ನಮ್ ಕಡಿ ಹಣೇಬರಹ" ಎಂದು ನಿಟ್ಟುಸಿರು ಬಿಟ್ಟರು. ನಾನೂ ಹೌದ್ರಿ ಅಂದೆ. ಎಲ್ಲವೂ ಒಂದೇ ಯಾಕೆ ಎಂಬ ಅನುಮಾನ ಇಬ್ಬರಿಗೂ ಬರಲಿಲ್ಲ. ಕೆಟ್ಟ ಸುದ್ದಿ ನಾವು ಎಣಿಸಿದ ಹಾಗೆಯೇ ಇದ್ದರೆ ಯಾರೂ ತಿರುಗಿ ಕೇಳುವುದಿಲ್ಲ.

ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅದು ದೊಡ್ಡ ಹಬ್ಬ. ಮನೆಗೆ ಬೀಗ ಹಾಕಿ ಎಲ್ಲರೂ ಹೊಲಕ್ಕೆ ಹೋಗಿ ಪೂಜೆ ಮಾಡಿ, ಅಲ್ಲೇ ಕೂತು ಉಣ್ಣುತ್ತಾರೆ. ಮರುದಿನ ಖಾಜಾಬಿ ಕಚೇರಿಗೆ ಬರುವಾಗ ಯಾರೋ ಕಟ್ಟಿಕೊಟ್ಟ ಭಜ್ಜಿ, ಸಜ್ಜೆ ರೊಟ್ಟಿ ತಂದಿದ್ದರು. ತರಕಾರಿ, ಕಾಳು ಎಲ್ಲ ಹಾಕಿ ಕುದಿಸಿದ ಆ ಭಜ್ಜಿ ಮರುದಿನವೇ ಹೆಚ್ಚು ರುಚಿ. ಬುತ್ತಿ ಬಿಚ್ಚುತ್ತ ಅವರು ದನಿ ತಗ್ಗಿಸಿ ಕೇಳಿದರು.

"ಬೇಟಿ, ಆ ಸಾಬಮ್ಮಂದು ಏನಾತು? ಸರ್ ಹೋಗಿ ಬಂದ್ರೇನು?"

ಸಾಬಮ್ಮ ಎಂದರೆ ಸುರಪುರ ಕಡೆಯ ಒಂದು ಹಳ್ಳಿಯ ಎಂಟನೆಯ ತರಗತಿಯ ಹುಡುಗಿ. ಊರಿನ ಹೆಸರು ಇಲ್ಲಿ ಬೇಡ. ತಾಯಿ ಇಲ್ಲ, ಅಪ್ಪ ಮತ್ತು ಅಜ್ಜಿಯ ಜೊತೆ ಇದ್ದಳು. ನಾನು ಪರದೆ ನೋಡಿದೆ.

"ಗುಳೆ ಹೋಗ್ಯಾಳ ಅಂತ ಅದ ಖಾಜಾಬಿ."

"ಗುಳೆ? ಇಲ್ಲ ಬಿಡು. ಆಕಿ ಮದುವಿ ಅಂತ ಒತ್ಯಾಳ. ಹೋದ ವಾರ ನಾ ಚಸ್ಮಾ ಮರ್ತು ಹೋಗಿದ್ದೆ. ಅಪ್ಪ, ಅಜ್ಜಿ ಎದುರಿಗೇ ಕುಂತಿದ್ರು. 'ನೀನೇ ಓದಿ ತುಂಬವ್ವ' ಅಂತ ಫೋನ್ ಆಕಿ ಕೈಯಾಗ ಕೊಟ್ಟೆ. ಒತ್ತಿ ವಾಪಸ್ ಕೊಡೂ ಮುಂದ ಮೆಲ್ಲಕ ನನ್ನ ಕಿವಿಯಾಗ ಹೇಳಿದ್ಲು, ಮದುವಿ ಅಂತ ಒತ್ತೀನಿ ಅಂತ."

ನಾನು ನಗುತ್ತಲೇ ಹೇಳಿದೆ, "ಚಸ್ಮಾ ಇರಲಿಲ್ಲ ಅಂತ ನೀವೇ ಹೇಳಾಕತ್ತೀರಿ. ಆಕಿ ಒತ್ತಿದ್ದು ನೀವು ನೋಡಿಲ್ಲ. ಕಂಪ್ಯೂಟರ್ ಸುಳ್ಳು ಹೇಳೂದಿಲ್ರಿ."

ಖಾಜಾಬಿ ರೊಟ್ಟಿ ಮುರಿದು ನನ್ನ ಮುಂದಿಟ್ಟರು. ಆಮೇಲೆ ಅವರ ಮುಖ ಸಡಿಲಾಯಿತು. "ಹಂಗಾದ್ರ ನಾನೇ ತಪ್ಪ್ ಕೇಳಿರಬೇಕು, ಮನಿಯವ್ರು ಗುಳೆ ಕರ್ಕೊಂಡು ಹೋಗಿರಬೇಕು. ಹೋಗ್ಲಿ, ಹುಡುಗಿ ನಸೀಬ ಚಲೋ ಅದ" ಎಂದರು. ಇಬ್ಬರೂ ಸಮಾಧಾನದಿಂದ ಕೂತು ಭಜ್ಜಿ ರೊಟ್ಟಿ ಉಂಡೆವು. ನಾನು ಎರಡು ಸಲ ಹಾಕಿಸಿಕೊಂಡೆ.

ಯುಗಾದಿ ಮುಗಿದ ಮೇಲೆ ಗುಳೆಯಿಂದ ಬಂದ ಮಕ್ಕಳನ್ನು ಮಾತಾಡಿಸಲು ನಾನೂ ಖಾಜಾಬಿಯ ಜೊತೆ ಹೊರಟೆ. ನನ್ನ ಪಟ್ಟಿ ಹಿಡಿದು ಮನೆಮನೆ ಹೋಗುವುದೆಂದರೆ ನನಗೆ ಹೆಮ್ಮೆ. ಸಾಬಮ್ಮನ ಮನೆ ಬಾಗಿಲಲ್ಲಿ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು.

"ಯಾವಾಗ ಬಂದ್ರಿ ಯಮ್ಮಾ ಗುಳೆಯಿಂದ?" ಎಂದು ಕೇಳಿದೆ.

"ಯಾವ ಗುಳೆ? ನನಗ ಹೊಸ್ತಿಲ ದಾಟಾಕ ಆಗವಲ್ದು, ಗುಳೆ ಎಲ್ಲಿಂದ ಹೋಗ್ಲಿ ತಂಗಿ?"

"ಸಾಬಮ್ಮ ಎಲ್ಲಿ ಅದಾಳ?"

"ಆಕಿ ಗಂಡನ ಮನ್ಯಾಗ ಅದಾಳ. ಎಳ್ಳಮಾಸಿ ಆಗಿ ಎಂಟ್ ದಿನಕ್ಕ ನಾಕು ಅಕ್ಕಿಕಾಳು ಹಾಕಿಬಿಟ್ವಿ. ನಾ ಕಣ್ಣ ಮುಚ್ಚೂದ್ರೊಳಗ ಆಗ್ಲಿ ಅಂತ."

ಎಳ್ಳಮಾವಾಸ್ಯೆಯಾಗಿ ಎಂಟು ದಿನ. ಅಂದರೆ ನಾವು ಭಜ್ಜಿ ಉಂಡ ಏಳನೆಯ ದಿನ. ಖಾಜಾಬಿ ನನ್ನ ಮುಖ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದ್ದು: "ನಾ ನನ್ನ ಕಿವಿ ನಂಬಬೇಕಾಗಿತ್ತು."

ಮರುದಿನ ಕಚೇರಿಗೆ ಬಂದವಳೇ ಅರ್ಜಿ ತೆರೆದೆ. ಹೆಸರಿನ ಜಾಗದಲ್ಲಿ ನನ್ನ ಹೆಸರನ್ನೇ ಬರೆದು, ಕಾರಣದಲ್ಲಿ 'ಮದುವೆ' ಆರಿಸಿ ಒತ್ತಿದೆ. ಫೋನಿನಲ್ಲಿ 'ಮದುವೆ' ಎಂದೇ ಕಾಣುತ್ತಿತ್ತು. ನನ್ನ ಪರದೆಗೆ ಬಂದದ್ದು 'ಗುಳೆ'. 'ಕಾಯಿಲೆ' ಆರಿಸಿದೆ, ಗುಳೆ ಬಂತು. 'ಕೂಲಿ' ಆರಿಸಿದೆ, ಮತ್ತೆ ಗುಳೆ. ನಾನು ಬರೆದ ಸಾಲುಗಳನ್ನು ಒಂದೊಂದಾಗಿ ಓದುತ್ತ ಹೋದೆ.

ತಪ್ಪು ಒಂದೇ ಸಾಲಿನಲ್ಲಿತ್ತು. ಪಟ್ಟಿಯಲ್ಲಿ ಯಾವುದು ಆಯ್ಕೆಯಾಗಿದೆ ಎಂದು ಜೆಕ್ವೆರಿಯಲ್ಲಿ ಎರಡು ರೀತಿ ಕೇಳಬಹುದು. ಪುಟ ಮಾಡಿದವರು ಮೊದಲೇ ಗುರುತು ಹಾಕಿಟ್ಟದ್ದು ಯಾವುದು ಎಂದು ಕೇಳುವುದು ಒಂದು. ತುಂಬುತ್ತಿರುವವರು ಈಗ ಆರಿಸಿರುವುದು ಯಾವುದು ಎಂದು ಕೇಳುವುದು ಇನ್ನೊಂದು. ನಾನು ಮೊದಲನೆಯದನ್ನು ಬರೆದಿದ್ದೆ. ಊರೂರು ತಿರುಗಿ ಯಾರು ಏನೇ ಒತ್ತಿದರೂ, ನನ್ನ ಅರ್ಜಿ ಅವರನ್ನು ಕೇಳದೆ, ನಾನು ಹಾಕಿಟ್ಟ ಗುರುತನ್ನೇ ತಂದು ನನಗೆ ಒಪ್ಪಿಸುತ್ತಿತ್ತು. ನನ್ನ ಕಾವಲೂ ಅದೇ ಗುರುತನ್ನು ನೋಡಿ ಎಲ್ಲ ಸರಿ ಇದೆ ಅನ್ನುತ್ತಿತ್ತು. ಮಾಡಿದ ದಿನ ನಾನು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದೆ. 'ಗುಳೆ' ಹೇಗೂ ಮೇಲಿತ್ತಲ್ಲ, ಅದನ್ನೇ ಒತ್ತಿ, ಸರಿಯಾಗಿ ಬಂತೆಂದು ಚಪ್ಪಾಳೆ ಹೊಡೆದುಕೊಂಡಿದ್ದೆ.

ಸರ್‌ಗೆ ಎಲ್ಲ ಹೇಳಿದೆ. ಕೆಲಸ ಬಿಡುತ್ತೇನೆಂದೆ. "ನೀ ಬಿಟ್ಟು ಹೋದ್ರ ಇದನ್ನ ಯಾರು ಸರಿ ಮಾಡ್ಬೇಕು? ಕುಂದ್ರು, ಎಲ್ಲರಿಗೂ ಫೋನ್ ಹಚ್ಚು" ಎಂದರು. ಪಟ್ಟಿಯ ಒಂದೊಂದು ಹೆಸರನ್ನೂ ಮತ್ತೆ ವಿಚಾರಿಸಿದೆವು. ಕೆಲವರು ನಿಜಕ್ಕೂ ಗುಳೆ ಹೋಗಿದ್ದರು. ಕೆಲವರು ಕಾಯಿಲೆಯಿಂದ, ಕೂಲಿಯಿಂದ ಮನೆಯಲ್ಲಿದ್ದರು. ಅವರನ್ನು ಶಾಲೆಗೆ ಕರೆತಂದೆವು. ಮದುವೆ ಎಂದು ಒತ್ತಿದ್ದವಳು ಸಾಬಮ್ಮ ಒಬ್ಬಳೇ.

ಸರ್ ಅಧಿಕಾರಿಗಳಿಗೆ ತಿಳಿಸಿದರು. ಕೇಸೂ ಆಯಿತು. ಹುಡುಗಿಯನ್ನು ಕೆಲವು ದಿನ ಬಾಲಮಂದಿರದಲ್ಲಿ ಇರಿಸಿದ್ದರು. ಅಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಳು, ಮೊಮ್ಮಗಳನ್ನು ಕೇಳುತ್ತಿದ್ದಾಳೆ ಎಂದು ಅಪ್ಪ ಬಂದು ಕರೆದುಕೊಂಡು ಹೋದ. ತಿಂಗಳೊಳಗೆ ಅವಳು ಮತ್ತೆ ಗಂಡನ ಮನೆಯಲ್ಲಿದ್ದಳು. ಮದುವೆಗೆ ಮುಂಚೆ ಒಂದು ದಿನದಲ್ಲಿ ಆಗುವ ಕೆಲಸ, ಮದುವೆಯ ನಂತರ ವರ್ಷ ತಿರುಗಿದರೂ ಆಗುವುದಿಲ್ಲ. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಆ ಮಳೆಗಾಲದಲ್ಲಿ ನಾನು, ಖಾಜಾಬಿ ಅವಳನ್ನು ನೋಡಲು ಹೋದೆವು. ಹುಣಸಗಿಯಿಂದ ಮುಂದೆ, ಕಾಲುವೆ ಬದಿಯ ಊರು. ಸೀರೆಯೊಳಗೆ ಸಾಬಮ್ಮ ಕಾಣುತ್ತಲೇ ಇರಲಿಲ್ಲ, ಅಷ್ಟು ಸಣ್ಣ ಹುಡುಗಿ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನಮಗೆ ಚಹಾ ಮಾಡಲು ಹಾಲು ತರುತ್ತೇನೆಂದು ಅತ್ತೆ ಹೊರಗೆ ಹೋದಳು. ಅತ್ತೆಯ ಹೆಜ್ಜೆ ಸದ್ದು ದೂರವಾಗುವ ತನಕ ಕಾದು ಸಾಬಮ್ಮ ಖಾಜಾಬಿಯ ಕಡೆ ತಿರುಗಿದಳು.

"ಖಾಜಾಬಿ, ಅವತ್ತು ನಾ ಒತ್ತಿದ್ದು ನಿಮಗ ಬಂದಿರಲಿಲ್ಲೇನ್ರಿ?"

ಖಾಜಾಬಿ ನನ್ನನ್ನು ಉಳಿಸಲು ನೋಡಿದರು. "ನೆಟ್‌ವರ್ಕ್ ಇರಲಿಲ್ಲವ್ವ" ಎಂದರು.

"ನಾ ಬರ್ತೀರಿ ಅಂತ ಕಾದೆ ರೀ. ಎಳ್ಳಮಾಸಿ ದಿನ ಅಜ್ಜಿನ್ನೂ ಬಂಡ್ಯಾಗ ಕುಂದ್ರಿಸ್ಕೊಂಡು ಎಲ್ಲರೂ ಹೊಲಕ್ಕ ಹೋದ್ರು. ನೀವು ಬಂದ್ರ ಬೀಗ ನೋಡಿ ತಿರುಗಿ ಹೋಗ್ತೀರಿ ಅಂತ ಹೊಟ್ಟಿ ನೋವು ಅಂತ ಹೇಳಿ ನಾ ಒಬ್ಬಾಕಿನೇ ಮನ್ಯಾಗ ಕುಂತಿದ್ದೆ." ಅವಳು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಆಮ್ಯಾಲ ಅನ್ಕೊಂಡೆ, ನಾನೇ ತಪ್ಪ್ ಒತ್ತೀನಿ ಅಂತ. ಅಜ್ಜಿ ನೋಡಾಕತ್ತಿದ್ಲಲ್ರಿ, ಗಡಿಬಿಡ್ಯಾಗ ಒತ್ತಿದ್ದೆ."

ನನಗೆ ತಡೆದುಕೊಳ್ಳಲು ಆಗಲಿಲ್ಲ. ಅತ್ತುಬಿಟ್ಟೆ. ಏಳು ತಿಂಗಳಿಂದ ಆ ಮಗು ತನ್ನ ಬೆರಳನ್ನೇ ಬಯ್ದುಕೊಂಡು ಬದುಕಿತ್ತು. "ನೆಟ್‌ವರ್ಕ್ ಅಲ್ಲ ಸಾಬಮ್ಮ" ಎಂದೆ. "ಆ ಅರ್ಜಿ ಮಾಡಿದಾಕಿ ನಾನು. ನೀ ಸರಿನೇ ಒತ್ತಿದ್ದಿ. ತಪ್ಪು ನಂದು."

ಅವಳು ಬಯ್ಯುತ್ತಾಳೆ, ಅಳುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಅವಳ ಮುಖದಲ್ಲಿ ಬಂದದ್ದು ಬೇರೆ. ಶಾಲೆಯಲ್ಲಿ ಟೀಚರ್ ಲೆಕ್ಕ ಸರಿ ಎಂದಾಗ ಮಕ್ಕಳ ಮುಖ ಅರಳುತ್ತದಲ್ಲ, ಹಾಗೆ.

"ಖರೇನಾ ಅಕ್ಕಾ? ನಾ ಸರಿನೇ ಒತ್ತಿದ್ನಾ?"

"ಸರಿನೇ ಒತ್ತಿದ್ದಿ."

ಹೊರಗೆ ಅತ್ತೆ ಬಂದ ಸದ್ದಾಯಿತು. ಸಾಬಮ್ಮ ಮತ್ತೆ ಹಿಟ್ಟಿಗೆ ಕೈ ಹಾಕಿದಳು. 

ಈಗ ನಮ್ಮ ಅರ್ಜಿಯಲ್ಲಿ ಮೊದಲೇ ಯಾವುದಕ್ಕೂ ಗುರುತಿಲ್ಲ. ಮೇಲಿನ ಸಾಲು ಖಾಲಿ. ಆರಿಸಿದ ಮೇಲೆ, ನನಗೆ ಬಂದದ್ದು ಏನೆಂಬುದು ಒತ್ತಿದವರ ಫೋನಿಗೆ ವಾಪಸ್ ಹೋಗಿ 'ನೀವು ಹೇಳಿದ್ದು ಇದೇನಾ?' ಎಂದು ಕೇಳುತ್ತದೆ. ಅಷ್ಟಾದರೂ ನನಗೆ ನಂಬಿಕೆ ಇಲ್ಲ. ಪ್ರತಿ ವಾರ ಆರೂ ಜನಕ್ಕೆ ಫೋನ್ ಮಾಡಿ ಬಾಯಿಂದಲೇ ಕೇಳುತ್ತೇನೆ. ಖಾಜಾಬಿ ಬೇಸರವಿಲ್ಲದೆ ಹೇಳುತ್ತಾರೆ.

ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ನಮ್ಮ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಾನು ಹೋಗುವುದಿಲ್ಲ. ಕಚೇರಿಗೆ ರಜೆ ಇದ್ದರೂ ಬೀಗ ತೆಗೆದು, ಪಟ್ಟಿ ತೆರೆದಿಟ್ಟು, ಸಂಜೆಯ ತನಕ ಅದರ ಮುಂದೆ ಕೂತಿರುತ್ತೇನೆ. ಯಾವ ಊರಲ್ಲಿ ಯಾವ ಹುಡುಗಿ ಹೊಟ್ಟೆನೋವೆಂದು ಸುಳ್ಳು ಹೇಳಿ, ನಾವು ಬರುತ್ತೇವೆಂದು ಮನೆಯಲ್ಲಿ ಒಬ್ಬಳೇ ಕಾಯುತ್ತಿದ್ದಾಳೋ ಯಾರಿಗೆ ಗೊತ್ತು.