ಎರಡನೆಯ ಪೋರ್ಟ್‌ನಿಂದ ಬಂದ ಆಜ್ಞೆ

ಬಂದರಿನ ಹೂಳೆತ್ತುವ ಹಡಗಿನಲ್ಲಿ ಅವಳನ್ನು ಎಲ್ಲರೂ ಮೀಟರಮ್ಮ ಅಂತಲೇ ಕರೆಯುತ್ತಿದ್ದರು. ಹಡಗು ಗುರುತು ಬಿಟ್ಟು ಒಂದು ಮೀಟರ್ ಆಚೀಚೆ ಸರಿದರೂ ಸಾಕು, ಕೆಳಗಿನ ಕೋಣೆಯಿಂದ ಅವಳು ಹಾಕುವ ಕೂಗಿಗೆ ಅಡುಗೆಯವನ ಕೈಯ ಸೌಟೂ ನಿಂತುಬಿಡುತ್ತಿತ್ತು. ಉಪಗ್ರಹಗಳನ್ನು ನೋಡಿ ಹಡಗಿರುವ ಜಾಗ ಹೇಳುವ ರಿಸೀವರ್ ಅವಳ ಸುಪರ್ದಿಯಲ್ಲಿತ್ತು. ದಿನಾ ಬೆಳಿಗ್ಗೆ ಅದಕ್ಕೆ ಆಜ್ಞೆ ಟೈಪ್ ಮಾಡಿ ಯೋಗಕ್ಷೇಮ ವಿಚಾರಿಸುವಳು: ಎಷ್ಟು ಉಪಗ್ರಹ ಕಾಣುತ್ತಿವೆ, ದಡದ ಕೇಂದ್ರದಿಂದ ಜಾಗದ ಲೆಕ್ಕ ಸರಿಪಡಿಸುವ ತಿದ್ದುಪಡಿ ಸಂಕೇತ ಬರುತ್ತಿದೆಯೇ. ಆ ಸಂಕೇತ ತಪ್ಪಿದರೆ ಜಾಗ ತೋರಿಸುವುದನ್ನೇ ನಿಲ್ಲಿಸು ಎಂದು ಕಟ್ಟುನಿಟ್ಟಾಗಿ ಹೇಳಿಟ್ಟಿದ್ದಳು. ತಪ್ಪು ಹೇಳುವುದಕ್ಕಿಂತ ಬಾಯಿ ಮುಚ್ಚಿಕೊಂಡಿರಲಿ ಎಂಬುದು ಅವಳ ಹಟ.

ರಿಸೀವರ್ ಬಾಯಿ ಮುಚ್ಚಿದಾಗಲೆಲ್ಲ ಕೆಲಸ ನಿಲ್ಲುತ್ತಿತ್ತು, ಕ್ಯಾಪ್ಟನ್‌ಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಒಂದು ಮಧ್ಯಾಹ್ನ ರಿಸೀವರ್ ತಪ್ಪು ಜಾಗ ತೋರಿಸಿ, ಹಡಗು ಆರು ಮೀಟರ್ ಆಚೆ ಅಗೆದು, ಊರಿಗೆ ಕುಡಿಯುವ ನೀರು ಹೋಗುವ ಕೊಳವೆಯನ್ನೇ ಸೀಳಿಬಿಟ್ಟಿತು. ಸೆಟ್ಟಿಂಗ್ ಬದಲಾಯಿಸಿದ್ದು ಇವಳೇ ಎಂದ ಕ್ಯಾಪ್ಟನ್. ನಾನಲ್ಲ ಎಂದು ಅವಳು ಬಡಿದುಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಯೊಳಗೆ ಅವಳನ್ನು ಹಡಗಿನಿಂದ ಇಳಿಸಿ, ರಿಸೀವರ್ ಕಳಚಿ ಉಗ್ರಾಣಕ್ಕೆ ಎಸೆದರು.

ನಾಲ್ಕು ದಿನ ಊರಿನ ನಲ್ಲಿಗಳು ಒಣಗಿದವು. ಬೀದಿಯ ಹೆಂಗಸರು ಖಾಲಿ ಕೊಡ ತಂದು ಅವಳ ಬಾಗಿಲಿಗೆ ಬಡಿದರು. ಅಂದಿನಿಂದ ಅವಳಮ್ಮ ಹೊಸಿಲು ದಾಟಲಿಲ್ಲ. ದಾಟಿದ್ದು ಮರುವರ್ಷ, ನಾಲ್ವರ ಹೆಗಲ ಮೇಲೆ.

ಮೀಟರಮ್ಮ ಹಲ್ಲು ಕಚ್ಚಿಕೊಂಡು ಬದುಕಿದಳು. ಅಣ್ಣನ ರೇಡಿಯೊ ಅಂಗಡಿಯಲ್ಲಿ ಒಂದು ಮೇಜು ಹಾಕಿಕೊಂಡು ದೋಣಿಗಳ ರಿಸೀವರ್ ರಿಪೇರಿಗೆ ಇಳಿದಳು. ಆರು ವರ್ಷದ ಮೇಲೆ ಬಂದರಿನವರು ಉಗ್ರಾಣ ಖಾಲಿ ಮಾಡುತ್ತ ಹಳೆಯ ಯಂತ್ರಗಳನ್ನು ಅಣ್ಣನ ಅಂಗಡಿಗೆ ರಿಪೇರಿಗೆ ಕಳಿಸಿದರು. ಪೆಟ್ಟಿಗೆ ಬಿಚ್ಚಿದರೆ, ಮೂಲೆ ಜಜ್ಜಿದ ಅದೇ ರಿಸೀವರ್!

ಕರೆಂಟು ಕೊಟ್ಟು, ಹಳೆಯ ದಾಖಲೆ ತೋರಿಸು ಎಂಬ ಆಜ್ಞೆ ಕಳಿಸಿದಳು. ಸಾಲುಗಳು ಉರುಳಿದವು. ಕೊಳವೆ ಸೀಳಿದ ಆ ದಿನ ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ, ಸಂಕೇತ ಇಲ್ಲದಿದ್ದರೂ ಜಾಗ ತೋರಿಸು ಎಂಬ ಆಜ್ಞೆ ಬಂದಿತ್ತು, ತಂತಿ ಸಿಕ್ಕಿಸುವ ಎರಡನೆಯ ಪೋರ್ಟ್‌ನಿಂದ. ಅವಳ ಕಂಪ್ಯೂಟರ್ ಇದ್ದದ್ದು ಮೊದಲನೆಯದರಲ್ಲಿ. ಎರಡನೆಯದರ ತಂತಿ ನೇರ ಕ್ಯಾಪ್ಟನ್ ಕೋಣೆಗೆ ಹೋಗುತ್ತಿತ್ತು.

"ಪ್ರಿಂಟ್ ತೆಗೆದು ಕಚೇರಿಗೆ ಕಳಿಸ್ಬಿಡು, ಮುಗೀತಲ್ಲ" ಎಂದ ಅಣ್ಣ.

"ಕಾಗದ ಬೇಡ ಅಣ್ಣ. ಅವನ ಬಾಯಿಂದಾನೇ ಬರ್ಬೇಕು."

ಕ್ಯಾಪ್ಟನ್ ಈಗ ಬಂದರಿನ ಯಂತ್ರ ವಿಭಾಗದ ಮುಖ್ಯಸ್ಥ. ರಿಪೇರಿಯಾದದ್ದನ್ನು ತಾವೇ ಪರೀಕ್ಷಿಸಿ ಒಯ್ಯಬೇಕು, ಯಂತ್ರ ತಪಾಸಣೆ ಮಾಡುವ ಎಂಜಿನಿಯರನ್ನೂ ಕರೆತನ್ನಿ ಎಂದು ಅಣ್ಣನ ಹೆಸರಿನಲ್ಲಿ ಹೇಳಿಕಳಿಸಿದಳು. ಇಬ್ಬರೂ ಬಂದರು.

"ಏನಮ್ಮ ಮೀಟರಮ್ಮ, ಇಲ್ಲಿದೀಯಾ?" ಕ್ಯಾಪ್ಟನ್ ನಕ್ಕ.

"ಇಲ್ಲೇ ಇದೀನಿ ಸಾರ್. ಕೂತ್ಕೊಳ್ಳಿ, ನಾನು ಹೇಳ್ದಂಗೆ ಟೈಪ್ ಮಾಡಿ."

ಮೊದಲ ಆಜ್ಞೆಗೆ ರಿಸೀವರ್ ಹದಿನಾಲ್ಕು ಉಪಗ್ರಹ ಎಂದಿತು. ಕ್ಯಾಪ್ಟನ್ ತಲೆಯಾಡಿಸಿದ. ಎರಡನೆಯದಕ್ಕೆ ಹಳೆಯ ದಾಖಲೆ ತೆರೆದುಕೊಂಡಿತು. "ಜೋರಾಗಿ ಓದಿ ಸಾರ್" ಎಂದಳು. ಅವನು ಎರಡು ಸಾಲು ಓದಿದ. ಮೂರನೆಯ ಸಾಲಿಗೆ ಬಂದವನೇ ಕುರ್ಚಿ ಹಿಂದೆ ಸರಿಸಿದ.

ಎಂಜಿನಿಯರ್ ಬಗ್ಗಿ ನೋಡಿದ. "ಈ ಎರಡನೇ ಪೋರ್ಟ್ ಯಾರದು?"

"ಸಾರ್‌ಗೇ ಗೊತ್ತು."

"ಸುಮ್ಸುಮ್ನೆ ಕೆಲಸ ನಿಲ್ತಿತ್ತು ಕಣ್ರೀ..." ಕ್ಯಾಪ್ಟನ್ ತೊದಲಿದ. "ಒಂದು ಗಂಟೆ ಮಟ್ಟಿಗೆ ಅಂತ ಬದಲಾಯಿಸ್ದೆ. ಆಮೇಲೆ ಮರೆತೇಹೋಯ್ತು."

ಅವನ ಕತ್ತಿನ ಮೇಲೆ ಬೆವರು ಇಳಿಯುವುದನ್ನು ಮೀಟರಮ್ಮ ಕಣ್ತುಂಬ ನೋಡಿದಳು.

ವಿಚಾರಣೆ ಶುರುವಾಯಿತು. ಅದರ ನಡುವೆ ಕ್ಯಾಪ್ಟನ್ ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದ. ಕೆಟ್ಟ ಉದ್ದೇಶ ಇರಲಿಲ್ಲ ಅಂತ ಒಂದು ಮಾತು ಹೇಳಮ್ಮ ಎಂದು ಕೈಮುಗಿದ. "ನಮ್ಮಮ್ಮನ್ನ ಕೇಳಿ, ಅವಳು ಹೂಂ ಅಂದ್ರೆ ಹೇಳ್ತೀನಿ" ಎಂದಳು ಮೀಟರಮ್ಮ. ಆ ಮಾತು ಅತಿಯಾಯಿತೆಂದು ಅತ್ತಿಗೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ತಿಂಗಳೊಳಗೆ ಅವನ ಕೆಲಸ ಹೋಯಿತು. ಅವಳ ಹೆಸರಿಗೆ ಹತ್ತಿದ್ದ ಕಳಂಕ ತೊಡೆದು ಕಚೇರಿಯಿಂದ ಪತ್ರ ಬಂತು. ಹಡಗಿಗೆ ವಾಪಸ್ ಬಾ ಎಂದೂ ಅದರಲ್ಲಿತ್ತು. ಅವಳು ಹೋಗಲಿಲ್ಲ. ಕ್ಯಾಪ್ಟನ್ ಬಂದರಿನವರು ಕೊಟ್ಟಿದ್ದ ಮನೆ ಖಾಲಿ ಮಾಡುವ ದಿನ ಮಾತ್ರ ಅಂಗಡಿಗೆ ರಜೆ ಹಾಕಿ, ಎದುರಿನ ಕಟ್ಟೆಯ ಮೇಲೆ ಕೂತು, ಕೊನೆಯ ಮಂಚ ಲಾರಿಗೆ ಏರುವವರೆಗೂ ನೋಡಿಬಂದಳು.